ಗ್ವಾಡಿ ಬಿರುಕಿಗೆ ಸಾಕ್ಷಿ ಯಾರು?

ಫೋಟೋ ತಾಳೆ ನೋಡಿ ಬಿರುಕು ಅಳೆಯುವ ವಿದ್ಯೆ ಬಂದು 40 ವರ್ಷ ದಾಟಿತು. ಗಣಿ ಮಗ್ಗುಲಿನ ಊರುಗಳಿಗೆ ಅದು ಬರೋದು ಯಾವಾಗ?

ರಾವೂರ: ಸುಣ್ಣಕಲ್ಲಿನ ಗಣಿ ಇರುವ ಯಾವ ಸೀಮೆಗೆ ಹೋದರೂ ಒಂದೇ ಜಗಳ. ಸೈರನ್ ಕೂಗುತ್ತದೆ. ಸ್ವಲ್ಪ ಹೊತ್ತಿಗೆ 'ಧಡ್' ಅಂತ ಸದ್ದು. ಅಡುಗೆಮನೆ ಹಲಗೆಯ ಮೇಲಿನ ತಾಟು, ಗ್ಲಾಸು ನಡುಗುತ್ತವೆ. ಸಂಜೆಗೆ ಮನೆಯವರು ಗೋಡೆ ತೋರಿಸುತ್ತಾರೆ. ಬಾಗಿಲ ಮೂಲೆಯಿಂದ ಮಾಳಿಗೆಯ ತನಕ ಓರೆಯಾಗಿ ಹೋದ ಒಂದು ಬಿರುಕು.

'ಬ್ಲಾಸ್ಟಿಂಗ್ ಮಾಡಿ ಮಾಡಿ ನಮ್ಮ ಗ್ವಾಡಿ ಬಿಟ್ಟಾವ' ಅನ್ನೋದು ಮನೆಯವರ ಮಾತು. 'ಗ್ವಾಡಿ ಮೊದಲೇ ಬಿಟ್ಟಿತ್ತು. ಎರಿ ಮಣ್ಣಿನ ಮ್ಯಾಲ ಪಾಯಾ ಹಾಕೀರಿ, ಅದಕ್ಕ ನಾವೇನು ಮಾಡೂಣು?' ಅನ್ನೋದು ಗಣಿ ಕಡೆಯವರ ಮಾತು. ನಡುವೆ ಕೂತ ಕಚೇರಿಯವರು ಅರ್ಜಿ ತಗೊಂಡು ಠಸ್ಸೆ ಹೊಡೆದು ಇಟ್ಟುಕೊಳ್ಳುತ್ತಾರೆ. ಬಿರುಕಿನ ಮೇಲೆ ಮನೆಯವರು ಸಿಮೆಂಟು ಮೆತ್ತುತ್ತಾರೆ. ಮುಂದಿನ ವರ್ಷ ಅದೇ ಜಾಗದಲ್ಲಿ ಅದೇ ಬಿರುಕು, ಅದೇ ಮಾತು.

ಇಬ್ಬರ ಮಾತಿನಲ್ಲೂ ನಿಜ ಇರಬಹುದು. ಆದರೆ ಒಂದು ವ್ಯತ್ಯಾಸ ಉಂಟು. ನೆಲದ ಕಂಪನ ಅಳೆಯುವ ಯಂತ್ರ ಇರೋದು ಗಣಿಯ ಕಡೆ, ಆ ಯಂತ್ರ ಕೊಟ್ಟ ಕಾಗದ ಇರೋದೂ ಅವರ ಕಡೆ. ಮನೆಯವರ ಕಡೆ ಇರೋದು ಬರೀ ಬಿರುಕು. ಅದಕ್ಕೆ ತಾರೀಖಿಲ್ಲ, ಅಳತೆ ಇಲ್ಲ. ಕಾಗದಕ್ಕೂ ಬಿರುಕಿಗೂ ವಾದ ಬಿದ್ದರೆ ಕಚೇರಿಯಲ್ಲಿ ಗೆಲ್ಲೋದು ಕಾಗದವೇ.

ಹಾಗಾದರೆ ಬಿರುಕಿನ ಬಾಯಿಂದಲೇ ಸಾಕ್ಷಿ ಹೇಳಿಸಲು ಬರುತ್ತದೆಯೇ? ಬರುತ್ತದೆ. ಅದಕ್ಕೆ ಬೇಕಾದ್ದು ಕ್ಯಾಮೆರಾ, ನಾಲ್ಕು ಚುಕ್ಕಿ, ಒಂದು ವರ್ಷದ ತಾಳ್ಮೆ. ದೊಡ್ಡ ದೊಡ್ಡ ಪ್ರಯೋಗಶಾಲೆಗಳು ಇದನ್ನೇ ಲಕ್ಷಾಂತರ ಚುಕ್ಕಿ ಹಾಕಿ ಮಾಡುತ್ತವೆ.

ಬಿರುಕಿಗೆ ಕಾರಣ ಒಂದಲ್ಲ

ಮೊದಲು ಒಂದು ಮಾತು ಸ್ಪಷ್ಟ ಆಗಲಿ. ನಮ್ಮ ಕಡೆಯ ಗೋಡೆ ಬಿರುಕು ಬಿಡಲು ಬ್ಲಾಸ್ಟಿಂಗೇ ಆಗಬೇಕೆಂದಿಲ್ಲ. ಮೇಲೆ ಎರಿ ಮಣ್ಣು, ಕೆಳಗೆ ಸುಣ್ಣಕಲ್ಲು, ನೆತ್ತಿಯ ಮೇಲೆ ಬಿಸಿಲು. ಈ ಮೂರೂ ಸಾಕು.

ಎರಿ ಹೊಲ ಬೇಸಿಗೆಯಲ್ಲಿ ಬಾಯಿ ಬಿಡೋದನ್ನು ಎಲ್ಲರೂ ನೋಡಿದ್ದಾರೆ. ಕೈ ಇಳಿಯುವಷ್ಟು ಅಗಲದ ಬಿರುಕು. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ. ಆ ಮಣ್ಣಿನ ಮೇಲೆ ಪಾಯ ಇದ್ದರೆ ಮನೆಯೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಬರುವ ಬಿರುಕು ಬಹಳ ಸಲ ಇದರದ್ದೇ.

ಇನ್ನು ಬಿಸಿಲು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಜಿಲ್ಲೆ ನಮ್ಮದು. 10 ಮೀಟರ್ ಉದ್ದದ ಕಾಂಕ್ರೀಟ್ ಮಾಳಿಗೆ 20 ಡಿಗ್ರಿ ಹೆಚ್ಚು ಕಾದರೆ ಸುಮಾರು 2 ಮಿ.ಮೀ. ಉದ್ದ ಬೆಳೆಯುತ್ತದೆ. ರಾತ್ರಿ ತಣ್ಣಗಾದರೆ ಮತ್ತೆ ಅಷ್ಟೇ ಕುಗ್ಗುತ್ತದೆ. ಕೆಳಗಿನ ಗೋಡೆ ಅಷ್ಟು ಕಾಯೋದಿಲ್ಲ, ಜೊತೆಗೆ ಹೋಗೋದಿಲ್ಲ. ಮಾಳಿಗೆ ಕೂತ ಜಾಗದಲ್ಲಿ ಅಡ್ಡಡ್ಡ ಬಿರುಕು ಬರುತ್ತದೆ.

ನಾಲ್ಕನೆಯದು ಭೂಕಂಪ. ಇದನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕು 4 ಗಂಟೆ ಸುಮಾರಿಗೆ, ಗಣೇಶನನ್ನು ಕಳಿಸಿ ಮಲಗಿದ್ದ ಜನರ ಮೇಲೆ ಕಿಲ್ಲಾರಿಯಲ್ಲಿ ಮನೆಗಳು ಬಿದ್ದವು. ಲಾತೂರ ಜಿಲ್ಲೆಯ ಆ ಊರು ನಮ್ಮ ಆಳಂದ ಗಡಿಯಿಂದ ದೂರದ್ದಲ್ಲ. ತೀವ್ರತೆ 6.2. ಸತ್ತವರು ಸುಮಾರು 10 ಸಾವಿರ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಅದೇ ಜನರನ್ನು ಕೊಂದದ್ದು. ಸರಕಾರದ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಆಗ ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿತ್ತು!

ಆಮೇಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ. ನೆಲದೊಳಗಿಂದ ಸದ್ದು ಬರುತ್ತದೆ ಅಂತ ಆ ಊರಿನ ಜನ ಬಹಳ ದಿನದಿಂದ ಹೇಳುತ್ತಿದ್ದರು. 2021ರ ಅಕ್ಟೋಬರ್ 11ರ ರಾತ್ರಿ 4.1 ತೀವ್ರತೆಯ ಕಂಪನ ಆಯಿತು. ಜನ ಮನೆಯೊಳಗೆ ಮಲಗಲು ಹೆದರಿದರು. ಬಹಳ ಮಂದಿ ಊರು ಬಿಟ್ಟು ಹೋದರು. ತಜ್ಞರು ಬಂದರು, ಭೂಮಿ ಕಂಪನ ಅಳೆದರು. ಆದರೆ ಮನೆಯವರ ಪ್ರಶ್ನೆ ಬೇರೆ. 'ಈ ಬಿರುಕು ಇಟ್ಟುಕೊಂಡು ಒಳಗ ಮಲಗಬಹುದೋ, ಇಲ್ಲೋ?' ಭೂಮಿ ಎಷ್ಟು ನಡುಗಿತು ಅಂತ ಹೇಳುವ ಯಂತ್ರ ಈ ಪ್ರಶ್ನೆಗೆ ಉತ್ತರ ಕೊಡೋದಿಲ್ಲ. ಅದಕ್ಕೆ ಬಿರುಕನ್ನೇ ಅಳೆಯಬೇಕು.

ಬಿರುಕು ಇದೆಯೋ ಇಲ್ಲವೋ ಅನ್ನೋದು ದೊಡ್ಡ ಮಾತಲ್ಲ. ಅದು ನಿಂತಿದೆಯೋ, ನಡೆಯುತ್ತಿದೆಯೋ ಅನ್ನೋದೇ ಮಾತು.

ಸೈಕಲ್ ಟ್ಯೂಬಿನ ಲೆಕ್ಕ

ಇಂಜಿನಿಯರುಗಳು 'ಸ್ಟ್ರೇನ್' ಅನ್ನುತ್ತಾರೆ. ಹೆದರಬೇಕಾದ್ದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಬಿದ್ದ ಹಳೆ ಸೈಕಲ್ ಟ್ಯೂಬ್ ತಗೊಳ್ಳಿ. ಅದರ ಮೇಲೆ 10 ಸೆಂ.ಮೀ. ದೂರದಲ್ಲಿ ಎರಡು ಚುಕ್ಕಿ ಇಡಿ. ಎಳೆಯಿರಿ. ಚುಕ್ಕಿಗಳ ನಡುವೆ ಈಗ 11 ಸೆಂ.ಮೀ. ಆದರೆ ಹತ್ತಕ್ಕೆ ಒಂದು ಹಿಗ್ಗಿತು. ಆ ಹತ್ತಕ್ಕೆ ಒಂದು ಅನ್ನೋದೇ ಸ್ಟ್ರೇನ್. ನೂರು ರೂಪಾಯಿಗೆ ಇಷ್ಟು ಬಡ್ಡಿ ಅಂದಂತೆ, ಇದ್ದ ಉದ್ದಕ್ಕೆ ಎಷ್ಟು ಹಿಗ್ಗಿತು ಅನ್ನುವ ಲೆಕ್ಕ.

ರಬ್ಬರು ಹಿಗ್ಗುತ್ತದೆ, ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಕಲ್ಲು, ಕಾಂಕ್ರೀಟಿಗೆ ಆ ಸಹನೆ ಇಲ್ಲ. ಒಂದು ಮೀಟರ್ ಕಾಂಕ್ರೀಟನ್ನು ಎರಡೂ ಕಡೆಯಿಂದ ಎಳೆದರೆ ಸುಮಾರು 0.1 ಮಿ.ಮೀ., ಅಂದರೆ ತಲೆಕೂದಲಿನಷ್ಟು ಹಿಗ್ಗುವ ಹೊತ್ತಿಗೆ ಅದು ಬಿರಿಯುತ್ತದೆ. ಒತ್ತಿದರೆ ಮಾತ್ರ ಗಟ್ಟಿ. ಮೀಟರಿಗೆ 2 ಮಿ.ಮೀ. ತನಕ ತಡೆದುಕೊಳ್ಳುತ್ತದೆ. ಕಲ್ಲು ಕಾಂಕ್ರೀಟಿನ ಗುಣ ಇಷ್ಟೇ: ಹೊರು ಅಂದರೆ ಹೊರುತ್ತದೆ, ಎಳೆದರೆ ಸಿಡಿಯುತ್ತದೆ.

ಒಂದು ಸಲ ಬಿರುಕು ಬಂತೋ, ಲೆಕ್ಕವೇ ಬದಲಾಗುತ್ತದೆ. ಬಟ್ಟೆ ಅಂಗಡಿಯವರನ್ನು ನೋಡಿ. ಥಾನಿನ ಅಂಚಿಗೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿ ಎರಡೂ ಕೈಯಿಂದ ಎಳೆದರೆ 'ಪರ್' ಅಂತ ಕೊನೆ ತನಕ ಹರಿಯುತ್ತದೆ. ಕಚ್ಚು ಹಾಕದೆ ಎಳೆದರೆ ಪೈಲ್ವಾನನಿಂದಲೂ ಆಗೋದಿಲ್ಲ. ಎಳೆತ ಎಲ್ಲಾ ಆ ಕಚ್ಚಿನ ತುದಿಗೆ ಬಂದು ಕೂಡುತ್ತದೆ. ಶಹಾಬಾದ ಫರ್ಸಿ ಒಡೆಯುವವರಿಗೂ ಈ ಗುಟ್ಟು ಗೊತ್ತು. ಉಳಿಯಿಂದ ಗೆರೆ ಹೊಡೆದು ಆಮೇಲೆ ಪೆಟ್ಟು ಕೊಟ್ಟರೆ ಕಲ್ಲು ಆ ಗೆರೆ ಹಿಡಿದೇ ಬಿಡುತ್ತದೆ.

ಇದನ್ನು ಲೆಕ್ಕಕ್ಕೆ ತಂದವನು ಎ.ಎ. ಗ್ರಿಫಿತ್ ಅನ್ನುವ ಇಂಗ್ಲಿಷ್ ಇಂಜಿನಿಯರ್, 1920ರಲ್ಲಿ, ಗಾಜು ಒಡೆದು ನೋಡಿ. ಗಾಜು ಇರಬೇಕಾದಷ್ಟು ಗಟ್ಟಿ ಯಾಕಿಲ್ಲ ಅಂದರೆ ಅದರೊಳಗೆ ಕಣ್ಣಿಗೆ ಕಾಣದ ಬಿರುಕು ಇರುತ್ತವೆ ಅಂತ ಅವನು ತೋರಿಸಿಕೊಟ್ಟ. ಬಿರುಕು ಉದ್ದ ಆದಷ್ಟೂ ಅದನ್ನು ಮುಂದೆ ನಡೆಸಲು ಬೇಕಾದ ಬಲ ಕಡಿಮೆ. ಅಂದರೆ ಮೊದಲ ಅಂಗುಲ ಹೋಗಲು ಕಷ್ಟ, ಆಮೇಲಿನ ದಾರಿ ಸಲೀಸು.

ಗಾಜಿನ ಪಟ್ಟಿಯಿಂದ ಕ್ಯಾಮೆರಾಕ್ಕೆ

ಬಿರುಕು ನಡೆಯುತ್ತಿದೆಯೋ ಅಂತ ನೋಡುವ ಹಳೆ ಉಪಾಯ ಗಾಜಿನ ಪಟ್ಟಿ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ತುಂಡು ಅಂಟಿಸಿ ತಾರೀಖು ಬರೆದಿಡೋದು. ಗಾಜು ಒಡೆದರೆ ಗೋಡೆ ಸರಿದಿದೆ ಅಂತ ಅರ್ಥ. ಗಾಜಿಲ್ಲದಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿದರೂ ಆಯಿತು. ಅಗ್ಗದ್ದು, ಒಳ್ಳೆಯದು. ಆದರೆ ಒಡೆಯಿತು ಅನ್ನುತ್ತದೆಯೇ ಹೊರತು ಎಷ್ಟು, ಯಾವ ಕಡೆ, ಯಾವ ದಿನ ಅಂತ ಹೇಳೋದಿಲ್ಲ.

ಆಮೇಲೆ 1938ರಲ್ಲಿ ಅಮೆರಿಕದಲ್ಲಿ ತಂತಿಯ ಸ್ಟ್ರೇನ್ ಗೇಜ್ ಬಂತು. ಸಣ್ಣ ತಂತಿಯನ್ನು ಅಂಟಿಸೋದು. ವಸ್ತು ಹಿಗ್ಗಿದರೆ ತಂತಿ ಹಿಗ್ಗಿ ಅದರಲ್ಲಿ ಕರೆಂಟು ಹರಿಯುವ ರೀತಿ ಬದಲಾಗುತ್ತದೆ. ಬಹಳ ಸೂಕ್ಷ್ಮ ಅಳತೆ. ಆದರೆ ಅದು ಅಂಟಿಸಿದ ಜಾಗದ ಸುದ್ದಿ ಮಾತ್ರ ಹೇಳುತ್ತದೆ. ಬಿರುಕು ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಿರಬೇಕು. ಬಿರುಕು ಗೇಜಿನ ಕೆಳಗೇ ಬಂದರೆ ಗೇಜೇ ಹರಿದು ಹೋಗುತ್ತದೆ!

ಫೋಟೋ ವಿದ್ಯೆ ಬಂದದ್ದು 1982ರ ಸುಮಾರಿಗೆ. ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಪೀಟರ್ಸ್, ರಾನ್ಸನ್ ಅನ್ನುವ ಇಬ್ಬರು ಇದರ ಮೂಲ ತೋರಿಸಿದರು. ಮೈಕೆಲ್ ಸಟನ್ ಮತ್ತು ಅವರ ಸಂಗಡಿಗರು ಅದನ್ನು ಬೆಳೆಸಿದರು. ಇಂಜಿನಿಯರುಗಳು ಇದಕ್ಕೆ 'ಡಿಜಿಟಲ್ ಇಮೇಜ್ ಕೋರಿಲೇಶನ್' ಅನ್ನುತ್ತಾರೆ. ನಮ್ಮ ಅಂಗಡಿ ಭಾಷೆಯಲ್ಲಿ ಹೇಳಬೇಕಾದರೆ 'ಫೋಟೋ ತಾಳೆ ನೋಡೋದು'. ನಿನ್ನೆಯ ಖಾತೆಗೂ ಇವತ್ತಿನ ಖಾತೆಗೂ ತಾಳೆ ನೋಡುವಂತೆ, ನಿನ್ನೆಯ ಫೋಟೋಕ್ಕೂ ಇವತ್ತಿನದಕ್ಕೂ ತಾಳೆ ನೋಡೋದು.

ಕೆಲಸ ನಡೆಯುವ ರೀತಿ ಹೀಗೆ. ಕಲ್ಲು ಅಥವಾ ಕಾಂಕ್ರೀಟಿಗೆ ಬಿಳಿ ಬಣ್ಣ ಬಳಿಯುತ್ತಾರೆ. ಅದರ ಮೇಲೆ ಕರಿ ಬಣ್ಣವನ್ನು ಸಾಸಿವೆ ಚೆಲ್ಲಿದಂತೆ ಸಿಂಪಡಿಸುತ್ತಾರೆ. ಭಾರ ಹೇರುವ ಮೊದಲು ಒಂದು ಫೋಟೋ. ಭಾರ ಹೇರುತ್ತಾ ಹೋದಂತೆ ಮತ್ತೆ ಮತ್ತೆ ಫೋಟೋ. ಕಂಪ್ಯೂಟರು ಮೊದಲ ಫೋಟೋವನ್ನು ಸಣ್ಣ ಸಣ್ಣ ಚೌಕ ಮಾಡುತ್ತದೆ. ಒಂದೊಂದು ಚೌಕದಲ್ಲೂ ಚುಕ್ಕಿಗಳು ಕೂತ ರೀತಿ ಬೇರೆ ಬೇರೆ. ಎರಡನೇ ಫೋಟೋದಲ್ಲಿ ಅದೇ ಚೌಕ ಎಲ್ಲಿಗೆ ಹೋಯಿತು ಅಂತ ಹುಡುಕುತ್ತದೆ.

ಚುಕ್ಕಿ ಯಾಕೆ? ಸಂತೆಯನ್ನು ಮಾಳಿಗೆ ಮೇಲಿಂದ ನೋಡಿ. ಎಲ್ಲರೂ ಒಂದೇ ನಮೂನೆ ಬಿಳಿ ಟೋಪಿ ಹಾಕಿದ್ದರೆ ಯಾರು ಎಲ್ಲಿಂದ ಎಲ್ಲಿಗೆ ಸರಿದರು ಅಂತ ತಿಳಿಯದು. ಒಬ್ಬರದು ಕೆಂಪು ರುಮಾಲು, ಪಕ್ಕದವರದು ಹೂವಿನ ಸೀರೆ, ಹಿಂದಿನವರದು ಪಟ್ಟಾಪಟ್ಟಿ ಲುಂಗಿ ಆದರೆ ಗುಂಪಿನಲ್ಲೂ ಗುರುತು ಸಿಗುತ್ತದೆ. ಗ್ರಾನೈಟಿನಲ್ಲಿ ಅಂಥ ಕಾಳು ಕಾಳು ಗುರುತು ತಾನಾಗಿಯೇ ಇರುತ್ತವೆ. ನಮ್ಮ ಶಹಾಬಾದ ಕಲ್ಲು ಸಣ್ಣ ಕಣದ್ದು, ನುಣುಪು, ಒಂದೇ ಬಣ್ಣ. ಅದಕ್ಕೆ ಬಣ್ಣದ ಚುಕ್ಕಿ ಹಾಕಲೇಬೇಕು.

ಒಳ್ಳೆ ಕ್ಯಾಮೆರಾ, ಅಲುಗಾಡದ ಸ್ಟ್ಯಾಂಡು, ಒಂದೇ ಸಮನೆ ಬೆಳಕು ಇದ್ದರೆ ಫೋಟೋದ ಒಂದು ಬಿಂದುವಿನ 50ರಲ್ಲಿ ಒಂದು ಪಾಲು ಸರಿದರೂ ಗೊತ್ತಾಗುತ್ತದೆ. ಪ್ರತಿ ಚೌಕ ಎಷ್ಟು ಸರಿಯಿತು ಅಂತ ತಿಳಿದರೆ, ಅಕ್ಕಪಕ್ಕದ ಚೌಕಗಳ ವ್ಯತ್ಯಾಸದಿಂದ ಹಿಗ್ಗಿನ ಲೆಕ್ಕ ಸಿಗುತ್ತದೆ. ಒಂದೇ ಜಾಗದ್ದಲ್ಲ, ಇಡೀ ಮೈಯದ್ದು. ಎಲ್ಲಿ ಎರಡು ಚೌಕ ಒಮ್ಮೆಲೇ ಬೇರೆಯಾದವೋ ಅಲ್ಲಿ ಬಿರುಕು. ಎಷ್ಟು ಬೇರೆಯಾದವೋ ಅದು ಬಿರುಕಿನ ಅಗಲ.

ಕಣ್ಣಿಗೆ ಕಾಣುವ ಮುಂಚೆ

ಇದರಿಂದ ಸಿಕ್ಕ ದೊಡ್ಡ ಲಾಭ ಒಂದು. ಕಾಂಕ್ರೀಟಿನಲ್ಲಿ ಬಿರುಕಿನ ತುದಿ ಅಂತ ನಾವು ತೋರಿಸುವ ಜಾಗ ನಿಜವಾದ ತುದಿಯೇ ಅಲ್ಲ. ಅದರ ಮುಂದೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕುಗಳ ಒಂದು ಪಟ್ಟಿ ಇರುತ್ತದೆ. ಅಲ್ಲಿ ಕಾಂಕ್ರೀಟು ಇನ್ನೂ ಪೂರ್ತಿ ಬಿಟ್ಟಿರೋದಿಲ್ಲ. ಜಲ್ಲಿಕಲ್ಲುಗಳು ಎರಡೂ ದಡ ಹಿಡಿದುಕೊಂಡಿರುತ್ತವೆ. ಫೋಟೋ ತಾಳೆಯಲ್ಲಿ ಆ ಪಟ್ಟಿ ಬಣ್ಣದ ನಕ್ಷೆಯಾಗಿ ಎದ್ದು ಕಾಣುತ್ತದೆ. ಗೌಂಡಿಯ ಕಣ್ಣಿಗೆ ಗೋಡೆ ಸರಿ ಇದೆ ಅನ್ನಿಸಿದ ಕಡೆಯೇ ಕ್ಯಾಮೆರಾಕ್ಕೆ ಅದು ಬಿಡುತ್ತಿದೆ ಅಂತ ಗೊತ್ತಾಗಿರುತ್ತದೆ.

ಈ ಕೆಲಸ ಪರದೇಶದಲ್ಲಿ ಮಾತ್ರ ನಡೆದದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಇಂಜಿನಿಯರಿಂಗ್ ವಿಭಾಗದಲ್ಲಿ ಪ್ರೊ. ಜೆ.ಎಂ. ಚಂದ್ರ ಕಿಶನ್ ಮತ್ತು ಅವರ ವಿದ್ಯಾರ್ಥಿಗಳು ಕಾಂಕ್ರೀಟಿನ ಬಿರುಕಿನ ಮೇಲೆ ಬಹುಕಾಲ ಕೆಲಸ ಮಾಡಿದ್ದಾರೆ. ಕಾಂಕ್ರೀಟ್ ತೊಲೆಗೆ ಬೇಕಂತಲೇ ಒಂದು ಕಚ್ಚು ಹಾಕಿ, ನಡುವೆ ಭಾರ ಹೇರಿ, ಬಿರುಕು ಹೇಗೆ ಮೇಲೆ ಏರುತ್ತದೆ ಅಂತ ನೋಡೋದು. ಒಮ್ಮೆ ಭಾರ ಹೇರೋದಲ್ಲ, ಹೇರಿ ಇಳಿಸಿ ಹೇರಿ ಇಳಿಸಿ ಸಾವಿರಾರು ಸಲ ಮಾಡಿ ನೋಡೋದೂ ಉಂಟು. ಬಸ್ಸು ಲಾರಿ ಹಾಯ್ದು ಹೋಗುವ ಸೇತುವೆಗೆ ಆಗೋದು ಹೀಗೇ ತಾನೇ. ಒಂದೇ ಲಾರಿಗೆ ಸೇತುವೆ ಬೀಳೋದಿಲ್ಲ, ಲಕ್ಷ ಲಾರಿಗೆ ದಣಿಯುತ್ತದೆ.

ಅಮೆರಿಕದ ನಾಸಾದವರು 2011ರ ಮಾರ್ಚಿನಲ್ಲಿ 27 ಅಡಿ ದಾಟಿದ ಅಗಲದ ಒಂದು ಲೋಹದ ಡ್ರಮ್ಮನ್ನು ಒತ್ತಿ ಸೊಟ್ಟ ಮಾಡಿ ನೋಡಿದರು. ರಾಕೆಟ್ಟಿನ ಮೈ ಎಷ್ಟು ತೆಳ್ಳಗಿದ್ದರೆ ನಡೆಯುತ್ತದೆ ಅಂತ ತಿಳಿಯಲು. ಅದರ ಮೈತುಂಬ ಸುಮಾರು 70 ಸಾವಿರ ಕರಿ ಬಿಳಿ ಚುಕ್ಕಿ ಹಾಕಿದ್ದರು. ರಾಕೆಟ್ಟಿಗೂ ಅದೇ ಚುಕ್ಕಿ, ರಾವೂರ ಗೋಡೆಗೂ ಅದೇ ಚುಕ್ಕಿ. ವಿದ್ಯೆ ಒಂದೇ.

ಒಂದು ಮಿತಿ ಹೇಳಲೇಬೇಕು. ಬಿರುಕು ಮೂರು ಥರ ನಡೆಯುತ್ತದೆ: ಬಾಯಿ ಬಿಡುತ್ತದೆ, ಒಂದು ದಡ ಮೇಲೆ ಕೆಳಗೆ ಜಾರುತ್ತದೆ, ಇಲ್ಲವೇ ಒಂದು ದಡ ಮುಂದಕ್ಕೆ ಉಬ್ಬುತ್ತದೆ. ಒಂದೇ ಕ್ಯಾಮೆರಾ ಮೊದಲ ಎರಡನ್ನು ನೋಡುತ್ತದೆ. ಮೂರನೆಯದಕ್ಕೆ ನಮ್ಮ ಎರಡು ಕಣ್ಣಿನಂತೆ ಎರಡು ಕ್ಯಾಮೆರಾ ಬೇಕು. ಆ ಪದ್ಧತಿ 1993ರಲ್ಲಿ ಬಂತು. ಗೋಡೆ ಹೊರಗೆ ಉಬ್ಬುತ್ತಿದ್ದರೆ ಫೋಟೋ ಗೀಟೋ ಅಂತ ಕೂರದೆ ಮೊದಲು ಮನೆ ಖಾಲಿ ಮಾಡಿ ಇಂಜಿನಿಯರನ್ನು ಕರೆಯೋದೇ ಸರಿ.

ಮನೆಯಲ್ಲಿ ಮಾಡುವ ರೀತಿ

ಪ್ರಯೋಗಶಾಲೆಯ ಸೂಕ್ಷ್ಮ ಮನೆಯಲ್ಲಿ ಬರೋದಿಲ್ಲ. ಆದರೆ ಬೇಕಾದ್ದು ಅಷ್ಟು ಸೂಕ್ಷ್ಮವೂ ಅಲ್ಲ. ಕಾಂಕ್ರೀಟ್ ಕಟ್ಟಡಕ್ಕೆ ನಮ್ಮ ದೇಶದ 2000ನೇ ಇಸವಿಯ ಐಎಸ್ 456 ಸಂಹಿತೆ ಸಾಮಾನ್ಯವಾಗಿ 0.3 ಮಿ.ಮೀ. ಬಿರುಕಿನ ತನಕ ಒಪ್ಪುತ್ತದೆ. ಸದಾ ತೇವ ಇರುವ ಕಡೆ 0.2, ಕೆಟ್ಟ ಹವೆಯ ಕಡೆ 0.1. ಅಂದರೆ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು ಕಂಡರೆ ಸಾಕು.

ಈಗಿನ ಮೊಬೈಲ್ ಫೋಟೋದಲ್ಲಿ ಅಡ್ಡಕ್ಕೆ ಸುಮಾರು 4000 ಬಿಂದು ಇರುತ್ತವೆ. 40 ಸೆಂ.ಮೀ. ಅಗಲದ ಗೋಡೆ ಫೋಟೋ ತುಂಬುವಂತೆ ಹಿಡಿದರೆ ಒಂದು ಬಿಂದುವಿಗೆ 0.1 ಮಿ.ಮೀ. ಸಾಕಾಯಿತಲ್ಲ! ಆದರೆ ಕ್ರಮ ತಪ್ಪಬಾರದು.

ಒಂದು, ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಬಿರುಕು ಗೆರೆ ದಾಟಿದರೆ ನಡೆದಿದೆ ಅಂತಾಯಿತು.

ಎರಡು, ಬಿರುಕಿನ ಈ ಕಡೆ ಎರಡು, ಆ ಕಡೆ ಎರಡು, ಒಟ್ಟು ನಾಲ್ಕು ಸಣ್ಣ ಚುಕ್ಕಿ, ಅಳಿಸದ ಬಣ್ಣದಲ್ಲಿ. ಪಕ್ಕದಲ್ಲಿ ಒಂದು ಉಕ್ಕಿನ ಸ್ಕೇಲು ಗೋಡೆಗೆ ಒತ್ತಿ ಹಿಡಿಯಿರಿ.

ಮೂರು, ಪ್ರತಿ ಸಲ ಅದೇ ಜಾಗದಿಂದ, ನೆಟ್ಟಗೆ ಎದುರಿನಿಂದ, ಜೂಮ್ ಮಾಡದೆ ತೆಗೆಯಿರಿ. ಮೊಬೈಲನ್ನು ಸ್ಟೂಲಿನ ಮೇಲೆ ಇಟ್ಟು, ಸ್ಟೂಲಿನ ಕಾಲಿನ ಜಾಗಕ್ಕೆ ನೆಲದಲ್ಲಿ ಗುರುತು ಮಾಡಿ. ಇದು ಯಾಕೆ ಮುಖ್ಯ ಅಂದರೆ, ಅರ್ಧ ಮೀಟರ್ ದೂರದಿಂದ ತೆಗೆಯುವಾಗ ಕ್ಯಾಮೆರಾ ಬರೀ 1 ಮಿ.ಮೀ. ಮುಂದೆ ಬಂದರೂ 10 ಸೆಂ.ಮೀ. ದೂರದ ಚುಕ್ಕಿಗಳ ನಡುವೆ 0.2 ಮಿ.ಮೀ. ಸುಳ್ಳು ಹಿಗ್ಗು ಬರುತ್ತದೆ. ಅದನ್ನು ಹಿಡಿಯೋದಕ್ಕೇ ಒಂದೇ ಕಡೆಯ ಎರಡು ಚುಕ್ಕಿ ಮತ್ತು ಸ್ಕೇಲು. ಬಿರುಕಿನ ಒಂದೇ ದಡದ ಎರಡು ಚುಕ್ಕಿಗಳ ದೂರ ಬದಲಾಗಬಾರದು. ಬದಲಾದರೆ ಗೋಡೆ ಸರಿದದ್ದಲ್ಲ, ನಿಮ್ಮ ಸ್ಟೂಲು ಸರಿದದ್ದು.

ನಾಲ್ಕು, ವಾರಕ್ಕೊಮ್ಮೆ, ಅದೇ ಹೊತ್ತಿಗೆ. ಬೆಳಿಗ್ಗೆ 7 ಅಂದರೆ ಪ್ರತಿ ವಾರ 7. ಬಿಸಿಲಿನ ಹಿಗ್ಗು ಲೆಕ್ಕ ಕೆಡಿಸಬಾರದು. ದೊಡ್ಡ ಬ್ಲಾಸ್ಟಿಂಗ್ ದಿನ ಮೊದಲು ಒಂದು, ಆದ ಮೇಲೆ ಒಂದು.

ಐದು, ಒಂದು ನೋಟುಬುಕ್ಕು. ಬ್ಲಾಸ್ಟಿಂಗ್ ಆದ ಹೊತ್ತು, ಮಳೆ, ಬಿಸಿಲು ಎಲ್ಲಾ ಬರೆದಿಡಿ.

ಆರು, ಮೂಲ ಫೋಟೋ ಅಳಿಸಬೇಡಿ. ವಾಟ್ಸ್‌ಆಪಿನಲ್ಲಿ ಮಾಮೂಲಿ ಫೋಟೋದಂತೆ ಕಳಿಸಿದರೆ ಅದು ಸಣ್ಣದಾಗಿ ಹೋಗುತ್ತದೆ, ಅಳತೆಗೆ ಬರೋದಿಲ್ಲ. ಫೋಟೋದಲ್ಲಿ ಆ ದಿನದ ಪತ್ರಿಕೆ ಹಿಡಿದರೆ ಅದು ಆ ದಿನಕ್ಕಿಂತ ಹಿಂದಿನದಲ್ಲ ಅಂತ ಸಾಬೀತು. ಮುಂದಿನದಲ್ಲ ಅನ್ನಬೇಕಾದರೆ ಆವತ್ತೇ ಒಂದು ಪ್ರತಿ ಪಂಚಾಯಿತಿಗೆ ಕೊಟ್ಟು ಠಸ್ಸೆ ಹಾಕಿಸಿ ರಸೀದಿ ಪಡೆಯಿರಿ. ಎರಡೂ ಇದ್ದರೆ ಬಿರುಕಿಗೆ ತಾರೀಖು ಸಿಕ್ಕಂತೆ.

ಒಂದು ವರ್ಷ ಆದ ಮೇಲೆ ಲೆಕ್ಕ ನೋಡಿ. ಏಪ್ರಿಲ್, ಮೇನಲ್ಲಿ ಅಗಲ ಆಗಿ ಮಳೆಗಾಲದಲ್ಲಿ ಕಿರಿದಾದರೆ ಅದು ಎರಿ ಮಣ್ಣಿನ ಆಟ. ಹಗಲು ರಾತ್ರಿಗೆ ಬದಲಾದರೆ ಮಾಳಿಗೆಯ ಬಿಸಿಲು. ಮಳೆ ಬಿಸಿಲು ಯಾವುದಕ್ಕೂ ಕೇಳದೆ ನಿಧಾನ ಬೆಳೆಯುತ್ತಲೇ ಇದ್ದರೆ ಪಾಯ ಕುಸಿಯುತ್ತಿರಬಹುದು. ಬ್ಲಾಸ್ಟಿಂಗ್ ಆದ ದಿನವೇ ಒಂದು ಮೆಟ್ಟಿಲಿನಂತೆ ಅಗಲ ಆಗಿ ಮತ್ತೆ ಹಿಂದಕ್ಕೆ ಹೋಗದಿದ್ದರೆ, ಅದು ಒಂದಲ್ಲ ಹಲವು ಸಲ ಆದರೆ, ಆಗ ಗಣಿ ಕಡೆಯವರು ಉತ್ತರ ಹೇಳಬೇಕಾಗುತ್ತದೆ.

ಕಾನೂನಿನ ಅಳತೆ, ಮನೆಯ ಅಳತೆ

ಬ್ಲಾಸ್ಟಿಂಗಿಗೆ ಅಳತೆ ಇಲ್ಲ ಅಂತಲ್ಲ. ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯ 1997ರಲ್ಲಿ ಸುತ್ತೋಲೆ ಹೊರಡಿಸಿದೆ. ಗಣಿ ಮಾಲೀಕರದ್ದಲ್ಲದ ವಾಸದ ಮನೆಗಳ ಹತ್ತಿರ ನೆಲ ನಡುಗುವ ವೇಗ ಸೆಕೆಂಡಿಗೆ 5 ಮಿ.ಮೀ. ದಾಟಬಾರದು. ಇದು ನೆಲ ಸೆಕೆಂಡಿಗೆ 8 ಸಲಕ್ಕಿಂತ ಕಡಿಮೆ, ನಿಧಾನವಾಗಿ ತೂಗಾಡಿದಾಗ. 8ರಿಂದ 25 ಸಲ ಇದ್ದರೆ 10 ಮಿ.ಮೀ., ಅದಕ್ಕೂ ಹೆಚ್ಚು ಇದ್ದರೆ 15 ಮಿ.ಮೀ. ಹಳೆಯ ಸ್ಮಾರಕಗಳಿಗೆ ಇನ್ನೂ ಬಿಗಿ: 2, 5, 10. ನಿಧಾನ ತೂಗಾಟ ಮನೆಗೆ ಹೆಚ್ಚು ಕೆಟ್ಟದ್ದು, ಅದಕ್ಕೇ ಅದರ ಮಿತಿ ಕಡಿಮೆ.

ಆದರೆ ಇದು ನೆಲದ ಅಳತೆ. ಗೋಡೆಯದ್ದಲ್ಲ. ಅಮೆರಿಕದ ಬ್ಯೂರೋ ಆಫ್ ಮೈನ್ಸ್ 1984ರ ವರದಿಯೊಂದರಲ್ಲಿ ಮರದ ಚೌಕಟ್ಟಿನ ಒಂದು ಮನೆಯನ್ನು ಮತ್ತೆ ಮತ್ತೆ ನಡುಗಿಸಿ ನೋಡಿದ ಲೆಕ್ಕ ಕೊಟ್ಟಿದೆ. ಹವೆಯ ಬಿಸಿ, ತೇವದ ಏರಿಳಿತದಿಂದಲೂ ಗೋಡೆಯಲ್ಲಿ ಬ್ಲಾಸ್ಟಿಂಗಿನಷ್ಟೇ ಹಿಗ್ಗು ಬರುತ್ತದೆ ಅಂತ ಅದರಲ್ಲಿ ಕಂಡಿತು. ಗಣಿ ಕಡೆಯವರಿಗೆ ಇದು ಇಷ್ಟದ ಮಾತು. ಆದರೆ ಅದು ಮರದ ಮನೆ. ಮಣ್ಣಿನಲ್ಲಿ ಕಟ್ಟಿದ ನಮ್ಮ ಕಲ್ಲಿನ ಗೋಡೆಗೆ ಆ ಲೆಕ್ಕ ಹಾಗೇ ಕೂರೋದಿಲ್ಲ. ನಮ್ಮ ಗೋಡೆಯ ಲೆಕ್ಕ ನಮ್ಮ ಗೋಡೆಯ ಮೇಲೇ ಆಗಬೇಕು.

ಅದೇ ಅಮೆರಿಕದಲ್ಲಿ ಇನ್ನೊಂದು ಪದ್ಧತಿ ಇದೆ. 1977ರ ಕಾಯ್ದೆಯ ಕೆಳಗೆ ತೆರೆದ ಕಲ್ಲಿದ್ದಲು ಗಣಿಗಳಿಗೆ ಮಾಡಿದ ನಿಯಮ. ಬ್ಲಾಸ್ಟಿಂಗ್ ಶುರು ಮಾಡುವ 30 ದಿನ ಮೊದಲೇ ಅರ್ಧ ಮೈಲಿ ಒಳಗಿನ ಎಲ್ಲ ಮನೆಯವರಿಗೂ ತಿಳಿಸಬೇಕು. ಮನೆಯವರು ಕೇಳಿದರೆ ಗಣಿಯವರು ಮನೆಯ ಸ್ಥಿತಿಯನ್ನು ಮುಂಚೆಯೇ ಸಮೀಕ್ಷೆ ಮಾಡಿಸಿ ಬರೆದಿಡಬೇಕು. ಆಮೇಲೆ 'ಬಿರುಕು ಮೊದಲೇ ಇತ್ತು' ಅನ್ನುವ ವಾದಕ್ಕೆ ಜಾಗವೇ ಇಲ್ಲ. ಇದ್ದರೆ ಕಾಗದದಲ್ಲಿ ಇರುತ್ತದೆ, ಇಲ್ಲದಿದ್ದರೆ ಇರೋದಿಲ್ಲ. ಇದರಿಂದ ಗಣಿಯವರಿಗೂ ಲಾಭ. ಸುಳ್ಳು ಅರ್ಜಿ ನಿಲ್ಲೋದಿಲ್ಲ.

ಮಾಡಬೇಕಾದವರು ಯಾರು

ವಾಡಿಯ ದೊಡ್ಡ ಸಿಮೆಂಟ್ ಕಾರ್ಖಾನೆ ಶುರುವಾದದ್ದು 1968ರಲ್ಲಿ. ಮಳಖೇಡ, ಸೇಡಂ, ಚಿಂಚೋಳಿ ಕಡೆಗೂ ಕಾರ್ಖಾನೆಗಳು ಬಂದವು. ದೇಶದ ಎಷ್ಟೋ ಸೇತುವೆ, ಮಹಡಿ ನಿಂತಿರೋದು ನಮ್ಮ ನೆಲದ ಸುಣ್ಣಕಲ್ಲಿನ ಮೇಲೆ. ಆ ಕಲ್ಲು ತೆಗೆದ ಊರಿನ ಗೋಡೆ ಗಟ್ಟಿ ಇದೆಯೋ ಇಲ್ಲವೋ ಅಂತ ನೋಡಲು ನಾಲ್ಕು ಚುಕ್ಕಿ ಹಾಕುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಕಲಬುರಗಿಯಲ್ಲಿ 1958ರಿಂದ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿದೆ. ಸಿವಿಲ್ ವಿಭಾಗದ ವಿದ್ಯಾರ್ಥಿಗಳು ಕೊನೆಯ ವರ್ಷ ಹೇಗೂ ಪ್ರಾಜೆಕ್ಟ್ ಮಾಡಬೇಕು. ಗಣಿಯಿಂದ ಒಂದು ಕಿಲೋಮೀಟರ್ ಒಳಗಿನ ಮನೆಗಳಲ್ಲಿ ಇಪ್ಪತ್ತನ್ನು, ದೂರದ ಊರಿನಲ್ಲಿ ಇಪ್ಪತ್ತನ್ನು ಆರಿಸಿ ವರ್ಷವಿಡೀ ಫೋಟೋ ತೆಗೆದು ತಾಳೆ ನೋಡಲಿ. ಎರಡೂ ಕಡೆ ಬಿರುಕು ಒಂದೇ ಥರ ನಡೆದರೆ ಕಾರಣ ಮಣ್ಣು, ಬಿಸಿಲು ಇರಬಹುದು. ಗಣಿ ಮಗ್ಗುಲಿನವು ಮಾತ್ರ ಬೇರೆ ಥರ ನಡೆದರೆ ಅದೂ ತಿಳಿಯುತ್ತದೆ. ತಾಳೆ ನೋಡುವ ಕಂಪ್ಯೂಟರ್ ಪ್ರೋಗ್ರಾಂಗಳಲ್ಲಿ ಪುಕ್ಕಟೆ ಸಿಗುವವೂ ಇವೆ.

ಗ್ರಾಮ ಪಂಚಾಯಿತಿಯಲ್ಲಿ ಒಂದು ಬಿರುಕು ರಿಜಿಸ್ಟರ್ ಇಡಲಿ. ಮನೆ ನಂಬರು, ಬಿರುಕಿನ ಜಾಗ, ತಾರೀಖು, ಅಳತೆ, ಫೋಟೋ. ಗಣಿಯವರು ತಮ್ಮ ಕಂಪನದ ಕಾಗದದ ಪ್ರತಿಯನ್ನು ಬ್ಲಾಸ್ಟಿಂಗ್ ದಿನ, ಹೊತ್ತಿನ ಸಮೇತ ಅದೇ ಪಂಚಾಯಿತಿಗೆ ಕೊಡಲಿ. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ತಾಳೆ ನೋಡಿದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಗಡಿಕೇಶ್ವಾರದಂಥ ಊರಿಗೂ ಇದೇ ರಿಜಿಸ್ಟರ್ ಬೇಕು. ಮುಂದಿನ ಸಲ ನೆಲ ನಡುಗಿದಾಗ ಯಾವ ಮನೆ ಹಿಂದಿನದಕ್ಕಿಂತ ಕೆಟ್ಟಿದೆ ಅಂತ ಆವತ್ತೇ ಹೇಳಲು ಬರುತ್ತದೆ.

ಪಂಚಾಯಿತಿ, ಕಾಲೇಜು, ಗಣಿ ಇವರೆಲ್ಲ ಯಾವಾಗ ಮಾಡುತ್ತಾರೋ ಬಿಡಿ. ಬಿರುಕು ಇರುವವರು ಅಲ್ಲಿ ತನಕ ಕಾಯಬೇಕಾಗಿಲ್ಲ. ಸಿಮೆಂಟು ಮೆತ್ತಿ ಮುಚ್ಚುವ ಮುಂಚೆ ಬರುವ ಭಾನುವಾರ ಬೆಳಿಗ್ಗೆ 7ಕ್ಕೆ ನಾಲ್ಕು ಚುಕ್ಕಿ ಇಟ್ಟು ಮೊದಲ ಫೋಟೋ ತೆಗೆಯಿರಿ. ಸೋಮವಾರ ರಸೀದಿ ಪಡೆಯಿರಿ.